ಈ ಬಿಲ್ಲು ಜಾಸ್ತಿಯಾಯಿತೇ?

ಗ್ಯಾರೇಜಿನ ಎಸ್ಟಿಮೇಟ್ ಫೋಟೋ ತೆಗೆದು ಕಳಿಸಿ ‘ಇದು ಜಾಸ್ತಿಯಾಯಿತಲ್ಲವೇ?’ ಎಂದು ಕೇಳುವ ಸ್ನೇಹಿತರು ನನಗೆ ಹಲವರಿದ್ದಾರೆ. ನಾನು ಮೆಕ್ಯಾನಿಕ್ ಅಲ್ಲ. ಹಳೇ ಕಾರನ್ನು ಹಟ ಹಿಡಿದವನಂತೆ ಇಟ್ಟುಕೊಂಡು, ಅದಕ್ಕಾದ ಖರ್ಚನ್ನೆಲ್ಲ ಬರೆದಿಡುವ ಚಟ ನನಗಿರುವುದರಿಂದ ಈ ಪಟ್ಟ ತಾನಾಗಿ ಬಂದಿದೆ. ಅವರನ್ನು ನಾನು ತಿರುಗಿ ಕೇಳುವುದಿಷ್ಟು: ಕಾರು ಎಷ್ಟು ಓಡಿದೆ? ಇದೇ ಕೆಲಸ ಹಿಂದೆ ಯಾವಾಗ ಆಗಿತ್ತು? ಇನ್ನೆಷ್ಟು ವರ್ಷ ಇಟ್ಟುಕೊಳ್ಳುವ ಯೋಚನೆ? ಮೂರಕ್ಕೂ ಉತ್ತರ ಕೊಡುವವರು ಕಡಿಮೆ. ಉತ್ತರ ಗೊತ್ತಿಲ್ಲದಿದ್ದರೆ ಬಿಲ್ಲು ದೊಡ್ಡದು ಅಥವಾ ಚಿಕ್ಕದು ಎನ್ನಬಹುದೇ ಹೊರತು, ನ್ಯಾಯವಾದದ್ದೋ ಅಲ್ಲವೋ ಎನ್ನಲಾಗದು.

ಬಿಲ್ಲು ಬರುವುದು ಒಂದು ದಿನ. ಅದರ ಹಿಂದಿನ ಸವೆತ ಮಾತ್ರ ನಾಲ್ಕೈದು ವರ್ಷದ್ದು. ಟೈರು ಪ್ರತಿ ಕಿಲೋಮೀಟರಿಗೂ ಒಂದಿಷ್ಟು ಸವೆಯುತ್ತಲೇ ಇರುತ್ತದೆ, ಆದರೆ ಅದರ ದುಡ್ಡು ನಾವು ಕೊಡುವುದು ನಾಲ್ಕೂ ಟೈರನ್ನು ಒಟ್ಟಿಗೆ ಹಾಕಿಸುವ ದಿನ. ಹಾಗಾಗಿ ಮೂರು ವರ್ಷ ‘ನನ್ನ ಕಾರಿಗೆ ಖರ್ಚೇ ಇಲ್ಲ’ ಎಂದು ಓಡಾಡಿದವರು ನಾಲ್ಕನೇ ವರ್ಷ ಎದೆ ಹಿಡಿದುಕೊಳ್ಳುತ್ತಾರೆ. ಖರ್ಚು ಆ ಮೂರು ವರ್ಷವೂ ಇತ್ತು. ರಸೀದಿ ಮಾತ್ರ ಬಂದಿರಲಿಲ್ಲ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಕಾರ್ಖಾನೆಯಲ್ಲಿ ಎಲ್ಲ ಭಾಗಗಳೂ ಒಂದೇ ದಿನ ಕೂತಿರುತ್ತವೆ. ಬ್ಯಾಟರಿಗೆ ಸುಮಾರು ಮೂರರಿಂದ ಐದು ವರ್ಷ ಆಯಸ್ಸು. ಟೈರಿಗೆ ರಸ್ತೆ ಮತ್ತು ಓಡಿಸುವವರ ಕಾಲನ್ನು ನೋಡಿಕೊಂಡು ನಲವತ್ತು-ಐವತ್ತು ಸಾವಿರ ಕಿಲೋಮೀಟರ್. ಬ್ರೇಕ್ ಪ್ಯಾಡ್, ಇಂಜಿನ್ ತಂಪಾಗಿಡುವ ಕೂಲೆಂಟ್, ಸಸ್ಪೆನ್ಶನ್ನಿನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು, ಶಾಕ್ ಅಬ್ಸಾರ್ಬರ್, ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಇಂಜಿನ್ನಿಗೆ ಇದ್ದರೆ ಅದೂ, ಎಲ್ಲಕ್ಕೂ ಅದರದರ ಗಡುವಿದೆ. ಈ ಗಡುವುಗಳು ಬೇರೆಬೇರೆಯಾದರೂ ಎಂಬತ್ತು ಸಾವಿರದಿಂದ ಒಂದು ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ ಹಲವು ಒಟ್ಟಿಗೆ ಬಂದು ಸೇರುತ್ತವೆ. ‘ಕಾರು ತೊಂದರೆ ಕೊಡೋಕೆ ಶುರು ಮಾಡಿತು’ ಎಂದು ಜನ ಮಾರಲು ಹೊರಡುವುದು ಸಾಮಾನ್ಯವಾಗಿ ಆಗಲೇ. ಅದರಲ್ಲೂ ಕೆಲವರು ಎಲ್ಲ ಕೆಲಸ ಮಾಡಿಸಿ, ದುಡ್ಡು ಕೊಟ್ಟು, ಆ ಸಿಟ್ಟಿನಲ್ಲೇ ಮಾರುತ್ತಾರೆ. ಅಂಥ ಕಾರು ಕೊಂಡವರ ಅದೃಷ್ಟವೇ ಅದೃಷ್ಟ.

ಲೆಕ್ಕಕ್ಕೆ ಹೊಸ ಕಾರಿನ ಬೆಲೆ 100 ಎಂದಿಟ್ಟುಕೊಳ್ಳೋಣ. ಐದು ವರ್ಷದ ರಿಪೇರಿ, ಸರ್ವಿಸ್ ಖರ್ಚು ಕ್ರಮವಾಗಿ 2, 2, 3, 10, 2 ಎಂದಾದರೆ ನೆನಪಿನಲ್ಲಿ ಉಳಿಯುವುದು ಆ ಹತ್ತು ಮಾತ್ರ. ಸರಾಸರಿ ತೆಗೆದರೆ ವರ್ಷಕ್ಕೆ 4ಕ್ಕೂ ಕಡಿಮೆ. ಆ ಹತ್ತರ ವರ್ಷವನ್ನೊಂದನ್ನೇ ಹಿಡಿದುಕೊಂಡು ಕಾರಿನ ಮೇಲೆ ತೀರ್ಪು ಕೊಡುವುದು ತಪ್ಪು. ಎರಡರ ವರ್ಷವನ್ನು ಹಿಡಿದುಕೊಂಡು ಬೀಗುವುದೂ ಅಷ್ಟೇ ತಪ್ಪು. ನಾನು ನೋಡುವುದು ಯಾವಾಗಲೂ ಹಿಂದಿನ ಮೂರು ವರ್ಷದ ಸರಾಸರಿಯನ್ನು. ಅದಕ್ಕಿಂತ ಚಿಕ್ಕ ಅವಧಿಯ ಲೆಕ್ಕದಲ್ಲಿ ನನಗೆ ನಂಬಿಕೆಯಿಲ್ಲ.

ನನ್ನ ಪುಸ್ತಕದಲ್ಲಿ ದಿನಾಂಕ, ಓಡಿದ ಕಿಲೋಮೀಟರ್, ಆದ ಕೆಲಸ, ಸಾಮಾನಿನ ಬೆಲೆ, ಲೇಬರ್ ಎಂದು ಬೇರೆಬೇರೆ ಕಾಲಂಗಳಿವೆ. ಪೆಟ್ರೋಲ್, ಇನ್ಶೂರೆನ್ಸ್ ಅದರಲ್ಲಿ ಇಲ್ಲ. ಅವು ಯಾವ ಕಾರಿದ್ದರೂ ಇದ್ದದ್ದೇ, ಇದರ ಜತೆ ಸೇರಿಸಿದರೆ ಚಿತ್ರ ಮಸುಕಾಗುತ್ತದೆ. ಕೊನೆಯ ಕಾಲಂ ಮಾತ್ರ ನಾನೇ ಹುಡುಕಿಕೊಂಡದ್ದು: ‘ಯಾಕೆ?’ ಅಲ್ಲಿ ಬರೆಯುವುದು ಒಂದೇ ಪದ. ಗಡುವು, ಸವೆತ, ಕೆಟ್ಟಿದ್ದು, ಡಿಕ್ಕಿ, ಇವುಗಳಲ್ಲಿ ಯಾವುದಾದರೊಂದು. ವರ್ಷದ ಕೊನೆಗೆ ಒಟ್ಟು ಮೊತ್ತಕ್ಕಿಂತ ಈ ಕಾಲಂ ಹೆಚ್ಚು ಹೇಳುತ್ತದೆ. ಖರ್ಚಿನ ಬಹುಪಾಲು ಗಡುವು ಮತ್ತು ಸವೆತದಿಂದ ಬಂದಿದ್ದರೆ ಮೊತ್ತ ದೊಡ್ಡದಿದ್ದರೂ ನನಗೆ ನಿದ್ದೆ ಬರುತ್ತದೆ. ‘ಕೆಟ್ಟಿದ್ದು’ ಎನ್ನುವುದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಮೊತ್ತ ಚಿಕ್ಕದಿದ್ದರೂ ಅದು ಬೇರೆ ಕಥೆ. ಡಿಕ್ಕಿಯ ಖರ್ಚಂತೂ ಕಾರಿನ ತಪ್ಪಲ್ಲ, ಅದನ್ನು ಕಾರಿನ ಲೆಕ್ಕಕ್ಕೆ ಹಾಕಬಾರದು.

ಕಿಲೋಮೀಟರಿಗೆ ಇಷ್ಟು ಎಂದು ಭಾಗಿಸಿ ನೋಡುವ ಪದ್ಧತಿಯೂ ಇದೆ. ದಿನಾ ಓಡುವ ಕಾರಿಗೆ ಅದು ಒಳ್ಳೆಯ ಅಳತೆ. ಆದರೆ ಕಡಿಮೆ ಓಡಿಸುವವರು ಆ ಲೆಕ್ಕ ಹಾಕಿದರೆ ಗಾಬರಿಯಾಗುತ್ತಾರೆ, ಯಾಕೆಂದರೆ ಕಾರು ನಿಂತಲ್ಲೇ ನಿಂತರೂ ವಯಸ್ಸಾಗುತ್ತದೆ. ಬ್ರೇಕ್ ಆಯಿಲನ್ನೇ ನೋಡಿ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಬಿಸಿಗೆ ದ್ರವ ಕುದಿದು ಪೈಪಿನಲ್ಲಿ ಆವಿ ತುಂಬುತ್ತದೆ. ಆವಿಯನ್ನು ಅದುಮಬಹುದು, ಹಾಗಾಗಿ ಪೆಡಲ್ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಬಹಳಷ್ಟು ಕಂಪನಿಗಳು ಹೇಳುವುದು ಇದಕ್ಕೇ. ‘ಓಡಿಸಿಯೇ ಇಲ್ಲವಲ್ಲ, ಯಾಕೆ ಬದಲಿಸಬೇಕು?’ ಎಂಬ ಪ್ರಶ್ನೆ ಇಲ್ಲಿ ನಡೆಯುವುದಿಲ್ಲ.

ಟೈರೂ ಹಾಗೆಯೇ. ಅದರ ಪಕ್ಕದ ಗೋಡೆಯ ಮೇಲೆ ‘ಡಾಟ್’ (DOT) ಎಂದು ಶುರುವಾಗುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ರಸ್ತೆಗೆ ತಾಗುವ ಕಡೆಯ ಗೀರು ಆಳವಾಗಿಯೇ ಇದ್ದರೂ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಆ ಟೈರಿನ ಕಾಲ ಮುಗಿದಂತೆ. ಚೆನ್ನಾಗಿಯೇ ಕಂಡರೂ ಹತ್ತು ವರ್ಷ ದಾಟಿಸಬೇಡಿ ಎಂದು ದೊಡ್ಡ ಟೈರ್ ಕಂಪನಿಗಳೇ ಹೇಳುತ್ತವೆ.

ಹಾಗೆಯೇ ಎಲ್ಲ ಕಿಲೋಮೀಟರೂ ಒಂದೇ ಅಲ್ಲ. ಎರಡು-ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನ ಇಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಆಯಿಲಿಗೆ ಸೇರಿದ ನೀರು, ಇಂಧನದ ಅಂಶ ಆವಿಯಾಗದೆ ಅಲ್ಲೇ ಉಳಿಯುತ್ತವೆ. ಡೀಸೆಲ್ ಕಾರಾದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳುವಷ್ಟು ಬಿಸಿ ಸಿಗದೆ ಕಟ್ಟಿಕೊಳ್ಳುತ್ತದೆ, ಅದರ ಬಿಲ್ಲು ಸಣ್ಣದಲ್ಲ. ಅಮೆರಿಕದ ಇರ್ವ್ ಗಾರ್ಡನ್ ಅವರು 1966ರಲ್ಲಿ ಕೊಂಡ ವೋಲ್ವೋ ಪಿ1800 ಕಾರಿನಲ್ಲಿ 2013ರ ಹೊತ್ತಿಗೆ 30 ಲಕ್ಷ ಮೈಲಿ, ಅಂದರೆ 48 ಲಕ್ಷ ಕಿಲೋಮೀಟರ್ ಓಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಈ ಸಂಗತಿ ಹೇಳುವವರು ವೋಲ್ವೋ ಕಬ್ಬಿಣದ ಗಟ್ಟಿತನವನ್ನು ಹೊಗಳುತ್ತಾರೆ. ಗಾರ್ಡನ್ ಕೆಲಸಕ್ಕೆ ಹೋಗಿಬರುವ ದಾರಿಯೇ ದಿನಕ್ಕೆ ಸುಮಾರು 200 ಕಿಲೋಮೀಟರ್ ಇತ್ತು, ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗಡುವನ್ನು ಅವರು ಚಾಚೂ ತಪ್ಪದೆ ಪಾಲಿಸುತ್ತಿದ್ದರು ಎಂಬುದನ್ನು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಆ ದಾಖಲೆಯ ಅರ್ಧ ಗುಟ್ಟು ಅಲ್ಲಿದೆ.

ಈಗ ಲೇಬರಿಗೆ ಬರುತ್ತೇನೆ. ಜಗಳಗಳೆಲ್ಲ ಹುಟ್ಟುವುದು ಅಲ್ಲೇ. ಬಿಡಿಭಾಗದ ಬೆಲೆಯನ್ನು ನಾಲ್ಕು ಕಡೆ ವಿಚಾರಿಸಿ ತಿಳಿಯಬಹುದು, ಕೆಲಸದ ಬೆಲೆ ಹಾಗಲ್ಲ. ಬಹಳಷ್ಟು ಗ್ಯಾರೇಜುಗಳು ಲೇಬರ್ ಹಾಕುವುದು ಇಂಥ ಕೆಲಸಕ್ಕೆ ಇಂತಿಷ್ಟು ಗಂಟೆ ಎಂದು ಮೊದಲೇ ಗೊತ್ತುಮಾಡಿದ ಪಟ್ಟಿಯ ಪ್ರಕಾರ. ಪಳಗಿದ ಕೈ ಅದನ್ನು ಬೇಗ ಮುಗಿಸಿದರೂ ಬಿಲ್ಲು ಅಷ್ಟೇ. ‘ಎರಡು ಗಂಟೆಯಲ್ಲಿ ಮುಗಿಸಿ ನಾಲ್ಕು ಗಂಟೆಯ ದುಡ್ಡು ತೆಗೆದುಕೊಂಡರು’ ಎಂದು ಗೊಣಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ತಡಕಾಡಿ ಆರು ಗಂಟೆ ಮಾಡಿದ್ದರೆ ಹೆಚ್ಚು ಕೊಡುತ್ತಿದ್ದೆವೇ?

ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು. ಇಳಿಸಿದ ಮೇಲೆ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎರಡೂ ಕಣ್ಣೆದುರಿಗೇ ಇರುತ್ತವೆ. ‘ಇವನ್ನೂ ಹಾಕಿಬಿಡೋಣ ಸರ್’ ಎಂದು ಮೆಕ್ಯಾನಿಕ್ ಅಂದರೆ ಅದು ದುರಾಸೆಯಲ್ಲ. ಬೇರಿಂಗಿನ ದುಡ್ಡು ಉಳಿಸಿ, ವರ್ಷದೊಳಗೆ ಅದು ಕಿರುಗುಟ್ಟಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಕೊಡಬೇಕು. ಟೈಮಿಂಗ್ ಬೆಲ್ಟ್ ಬದಲಿಸುವಾಗ ವಾಟರ್ ಪಂಪ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರ್ ಕೂಡ ಹಾಕಿಸುವುದು ಅದೇ ಕಾರಣಕ್ಕೆ. ಹಲವು ಇಂಜಿನ್‌ಗಳಲ್ಲಿ ಪಂಪು ತಿರುಗುವುದೇ ಆ ಬೆಲ್ಟಿನಿಂದ. ಹೀಗೆ ಒಂದು ಸಲ ಬಿಚ್ಚಿದಾಗ ಕೈಗೆ ಸಿಗುವ ಭಾಗವನ್ನು ಸೇರಿಸಿದರೆ ನಾನು ತಕರಾರಿಲ್ಲದೆ ಒಪ್ಪುತ್ತೇನೆ.

ಕ್ಲಚ್ ಕೆಲಸಕ್ಕೆ ಬಿಟ್ಟ ಕಾರಿನ ಎಸ್ಟಿಮೇಟಿನಲ್ಲಿ ಇಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ತಳಕ್ಕೆ ಕೋಟಿಂಗ್, ಎಸಿಗೆ ಸುವಾಸನೆಯ ಸ್ಪ್ರೇ ಕಾಣಿಸಿಕೊಂಡಾಗ ಮಾತ್ರ ಓನರ್ಸ್ ಮ್ಯಾನ್ಯುಯಲ್ ತೆರೆದು ನೋಡುತ್ತೇನೆ. ಗಡುವಿನ ಪಟ್ಟಿಯಲ್ಲಿ ಅದಿಲ್ಲ, ಕಾರಿನಲ್ಲಿ ಅದಕ್ಕೆ ತಕ್ಕ ತೊಂದರೆಯೂ ಇಲ್ಲ ಎಂದಾದರೆ ಬೇಡ. ಸವೆದಿದೆ ಎಂದು ಹೇಳಿದ ಭಾಗಕ್ಕೆ ಅಳತೆ ಕೇಳುತ್ತೇನೆ. ಬ್ರೇಕ್ ಡಿಸ್ಕಿನ ಮೇಲೆ ಅದು ಎಷ್ಟು ತೆಳುವಾಗುವವರೆಗೆ ಬಳಸಬಹುದು ಎಂಬುದನ್ನು ಕೊರೆದಿರುತ್ತಾರೆ. ಟೈರಿನ ಗೀರುಗಳ ನಡುವೆ ಸಣ್ಣ ದಿಬ್ಬಗಳಿರುತ್ತವೆ, ಸವೆದು 1.6 ಮಿಲಿಮೀಟರ್ ಉಳಿದಾಗ ರಬ್ಬರು ಆ ದಿಬ್ಬದ ಮಟ್ಟಕ್ಕೆ ಬರುತ್ತದೆ. ಪ್ಯಾಡು ಎಷ್ಟು ಮಿಲಿಮೀಟರ್ ಉಳಿದಿದೆ, ಬ್ಯಾಟರಿ ಟೆಸ್ಟರ್ ಏನು ತೋರಿಸಿತು? ಅಂಕಿ ಹೇಳುವ ಮೆಕ್ಯಾನಿಕ್ ಸ್ವಲ್ಪ ದುಬಾರಿಯಾದರೂ ನಾನು ಅವರ ಹತ್ತಿರವೇ ಹೋಗುತ್ತೇನೆ. ‘ಹೋಗಿದೆ, ಬದಲಿಸಬೇಕು’ ಎಂದಷ್ಟೇ ಹೇಳುವವರು ಅಗ್ಗವಾದರೂ ಬೇಡ.

ಬಿಡಿಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರು ಕಂಪನಿಗಳು ಪ್ಲಗ್, ಫಿಲ್ಟರ್, ಬೇರಿಂಗ್, ಬ್ರೇಕಿನ ಸಾಮಾನುಗಳಲ್ಲಿ ಬಹುಪಾಲನ್ನು ತಾವು ಮಾಡುವುದಿಲ್ಲ. ಬಾಷ್, ಡೆನ್ಸೊ, ಎನ್‌ಜಿಕೆಯಂಥವರಿಂದ ತರಿಸಿಕೊಳ್ಳುತ್ತವೆ. ಅದೇ ತಯಾರಕರ ಡಬ್ಬಿಯಲ್ಲಿ ಬಂದರೆ ಬೆಲೆ ಕಡಿಮೆ ಇರುವುದುಂಟು. ಅಲ್ಲಿ ಉಳಿಸಬಹುದು. ಹೆಸರೇ ಕೇಳದ ಬ್ರೇಕ್ ಪ್ಯಾಡಿನಲ್ಲಿ ಮಾತ್ರ ಉಳಿಸಬೇಡಿ.

ಇನ್ನು ಎಲ್ಲರ ಬಾಯಲ್ಲೂ ಇರುವ ಮಾತು: ಮೂಗಿಗಿಂತ ಮೂಗುತಿ ಭಾರ. ಕಾರಿಗೇ ಅಷ್ಟು ಬೆಲೆಯಿಲ್ಲ, ಅದಕ್ಕೆ ಇಷ್ಟು ದುಡ್ಡು ಹಾಕುವುದೇ? ರಿಪೇರಿ ಖರ್ಚು ಕಾರಿನ ಇಂದಿನ ಬೆಲೆಯ ಅರ್ಧ ದಾಟಿದರೆ ಮಾರಿಬಿಡು ಎಂಬ ಸೂತ್ರ ಹುಟ್ಟಿದ್ದು ಇದರಿಂದಲೇ. ಕೇಳಲು ಜಾಣತನದ ಮಾತು. ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ ಈ ಸೂತ್ರ ತಕ್ಕಡಿಯ ಇನ್ನೊಂದು ಬದಿಗೆ ತಪ್ಪು ವಸ್ತುವನ್ನು ಇಡುತ್ತದೆ. ಮಾರಿದ ಮೇಲೂ ನಮಗೆ ಓಡಾಡಲು ಏನಾದರೂ ಬೇಕಲ್ಲ? ರಿಪೇರಿಯನ್ನು ಹೋಲಿಸಬೇಕಾದದ್ದು ಆ ‘ಏನಾದರೂ’ ಜತೆ.

ಮತ್ತೆ ಹೊಸ ಕಾರು 100 ಎಂದೇ ಇರಲಿ. ನಿಮ್ಮ ಹಳೇ ಕಾರು ಇವತ್ತು ಮಾರಿದರೆ 12 ಬರುತ್ತದೆ, ಮುಂದೆ ನಿಂತಿರುವ ರಿಪೇರಿ 8. ಸೂತ್ರದ ಪ್ರಕಾರ ಮಾರಬೇಕು. ಈಗ ಮುಂದಿನ ಎರಡು ವರ್ಷದ ಲೆಕ್ಕ ಹಾಕಿ. ರಿಪೇರಿ 8, ವರ್ಷಕ್ಕೆ 4ರಂತೆ ಮಾಮೂಲಿ ಖರ್ಚು 8, ಕಾರಿನ ಬೆಲೆ 12ರಿಂದ 8ಕ್ಕೆ ಇಳಿದದ್ದು 4. ಒಟ್ಟು 20. ಹೊಸದು ಕೊಂಡರೆ ಎರಡು ವರ್ಷದಲ್ಲಿ 100 ಇದ್ದದ್ದು 70 ಆಯಿತು ಎನ್ನಿ, ಅಲ್ಲಿಗೇ 30 ಹೋಯಿತು. ಸರ್ವಿಸ್ ಖರ್ಚು 4 ಸೇರಿ 34. ಸಾಲದ ಬಡ್ಡಿ, ಹೆಚ್ಚಿನ ಇನ್ಶೂರೆನ್ಸ್ ಇದರ ಮೇಲೆ. ಮಧ್ಯದ ದಾರಿಯಾಗಿ 50 ಕೊಟ್ಟು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರೆ ಬೆಲೆ ಇಳಿತ 12, ಮಾಮೂಲಿ ಖರ್ಚು 8, ಹಿಂದಿನವರು ಬಾಕಿ ಬಿಟ್ಟ ಕೆಲಸಗಳಿಗೆ 4. ಒಟ್ಟು 24. ಮೂಗುತಿ ಭಾರ ಎಂದು ಬಿಡಲು ಹೊರಟಿದ್ದ ಕಾರೇ ಎಲ್ಲಕ್ಕಿಂತ ಅಗ್ಗವಾಯಿತು.

ಆದರೆ ಅಂತರ ಸಣ್ಣದು ಎಂಬುದನ್ನೂ ಗಮನಿಸಿ. ಎರಡು ವರ್ಷದಲ್ಲಿ ನೆನೆಸದ ಇನ್ನೊಂದು 5ರ ಬಿಲ್ಲು ಬಂದರೆ ಹಳೇ ಕಾರು 25ಕ್ಕೆ ಏರಿ ಸೆಕೆಂಡ್ ಹ್ಯಾಂಡನ್ನು ದಾಟಿಬಿಡುತ್ತದೆ. ಆದ್ದರಿಂದ ಪ್ರಶ್ನೆ ಈ 8 ಜಾಸ್ತಿಯೋ ಅಲ್ಲವೋ ಎಂಬುದಲ್ಲ, ಇದರ ಹಿಂದೆ ಇನ್ನೇನು ಕಾದು ಕೂತಿದೆ ಎಂಬುದು. ದೊಡ್ಡ ರಿಪೇರಿಗೆ ಒಪ್ಪುವ ಮೊದಲು ನಾನು ಕಾರನ್ನು ಲಿಫ್ಟಿಗೆ ಹಾಕಿಸಿ, ಅಡಿಯಿಂದ ಪೂರ್ತಿ ನೋಡಿಸಿ, ಮುಂದಿನ ಎರಡು ವರ್ಷದಲ್ಲಿ ಬರಬಹುದಾದ ಕೆಲಸಗಳನ್ನೆಲ್ಲ ಕೇಳಿ ಬರೆದುಕೊಳ್ಳುವುದು ಇದಕ್ಕಾಗಿ. ಚೌಕಟ್ಟಿಗೇ ತುಕ್ಕು ಹಿಡಿದಿದ್ದರೆ ಮಾತು ಅಲ್ಲಿಗೇ ಮುಗಿಯಿತು, ಇಂಜಿನ್ ಎಷ್ಟು ಚೆನ್ನಾಗಿದ್ದರೂ ದುಡ್ಡು ಹಾಕಬಾರದು. ಒಂದೇ ತೊಂದರೆ ಮೂರನೇ ಸಲ ಮರಳಿ ಬಂದರೆ, ಮೂಲ ಕಾರಣ ಯಾರಿಗೂ ಸಿಕ್ಕಿಲ್ಲ ಎಂದೇ ಅರ್ಥ. ಏರ್‌ಬ್ಯಾಗ್, ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದ ಕಾರನ್ನು ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರು ಬದಲಿಸುತ್ತೇವೆ ಎಂದರೆ ನಾನು ಈ ಕೂಡು-ಕಳೆಯುವ ಲೆಕ್ಕವನ್ನು ತೆಗೆಯುವುದೇ ಇಲ್ಲ.

ಬೆಲೆ ಇಳಿತಕ್ಕೆ ಯಾರೂ ಬಿಲ್ಲು ಕೊಡುವುದಿಲ್ಲ. ನಮ್ಮೆಲ್ಲರ ಲೆಕ್ಕ ತಪ್ಪುವುದು ಅಲ್ಲಿಯೇ. ಬ್ರೇಕ್ ಪ್ಯಾಡಿನ ಬೆಲೆಗೆ ಅರ್ಧ ಗಂಟೆ ಚೌಕಾಸಿ ಮಾಡುವವರು, ಹೊಸ ಕಾರು ಶೋರೂಮಿನಿಂದ ಹೊರಬಂದ ವರ್ಷವೇ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಕಳೆದುಕೊಂಡದ್ದನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಹೊಸ ಕಾರು ಬೇಡ ಎನ್ನುತ್ತಿಲ್ಲ. ಆಸೆಯಿದ್ದರೆ, ಕೈಯಲ್ಲಿದ್ದರೆ ಕೊಳ್ಳಲಿ. ‘ಹಳೇದರ ರಿಪೇರಿ ಖರ್ಚು ಉಳಿಸಲು ಹೊಸದು ಕೊಂಡೆ’ ಎಂಬ ಕಾರಣ ಮಾತ್ರ ಕೊಡಬೇಡಿ ಅಷ್ಟೇ.

‘ಈಗಾಗಲೇ ಇಷ್ಟು ಸುರಿದಿದ್ದೇನೆ, ಇನ್ನು ಬಿಡುವುದು ಹೇಗೆ?’ ಎನ್ನುವವರದು ಇನ್ನೊಂದು ಬಗೆಯ ಕಷ್ಟ. ಸುರಿದ ದುಡ್ಡು ಹೋಯಿತು, ಅದು ವಾದಕ್ಕೆ ಬರಬಾರದು. ಹಾಗೆಂದು ಹಿಂದಿನ ಖರ್ಚಿಗೆ ಬೆಲೆಯೇ ಇಲ್ಲವೆಂದೂ ಅಲ್ಲ. ಹೋದ ವರ್ಷ ಹಾಕಿಸಿದ ಕ್ಲಚ್ಚು ಮುಂದಿನ ಕೆಲವು ವರ್ಷ ಮತ್ತೆ ಕೇಳುವುದಿಲ್ಲ. ಮುಂದಿನ ಲೆಕ್ಕದಲ್ಲಿ ಅದರ ಸಾಲು ಖಾಲಿ. ಹಿಂದಿನ ಖರ್ಚು ನಮಗೆ ಉಪಕಾರ ಮಾಡುವುದು ಅಷ್ಟರ ಮಟ್ಟಿಗೆ.

ಖರ್ಚು ತೀರಾ ಕಡಿಮೆ ಇದ್ದಾಗಲೂ ನನಗೆ ಅನುಮಾನ. ಟೈಮಿಂಗ್ ಬೆಲ್ಟಿನ ಗಡುವು ಇಂಜಿನ್ನಿಂದ ಇಂಜಿನ್ನಿಗೆ ಬೇರೆ, ಸಾಮಾನ್ಯವಾಗಿ 60,000ದಿಂದ 1,50,000 ಕಿಲೋಮೀಟರಿನ ನಡುವೆ. ಗಡುವು ದಾಟಿದರೂ ಕಾರು ಒಂದಿಷ್ಟೂ ಸದ್ದು ಮಾಡದೆ ಓಡುತ್ತಿರುತ್ತದೆ. ಅನೇಕ ಇಂಜಿನ್‌ಗಳಲ್ಲಿ ವಾಲ್ವು ಮತ್ತು ಪಿಸ್ಟನ್ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುತ್ತವೆ, ಆ ಸರದಿ ಕಾಯುವುದು ಈ ಬೆಲ್ಟು. ಅದು ತುಂಡಾದರೆ ಎರಡೂ ಡಿಕ್ಕಿ ಹೊಡೆದು ವಾಲ್ವುಗಳು ಬಾಗುತ್ತವೆ. ಆಮೇಲೆ ಬರುವುದು ಸರ್ವಿಸ್ ಬಿಲ್ಲಲ್ಲ, ಇಂಜಿನ್ ಬಿಚ್ಚುವ ಬಿಲ್ಲು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ‘ಜೀವಮಾನಕ್ಕೆ ಸಾಕು’ ಎಂದು ಕೆಲವು ಕಾರು ಕಂಪನಿಗಳು ಹೇಳುತ್ತವೆ. ಆ ಗೇರ್‌ಬಾಕ್ಸ್‌ಗಳನ್ನು ಮಾಡಿಕೊಡುವ ಜರ್ಮನಿಯ ಜಡ್‌ಎಫ್ ಕಂಪನಿಯೇ ತನ್ನವುಗಳಿಗೆ 80,000ದಿಂದ 1,20,000 ಕಿಲೋಮೀಟರ್ ಅಥವಾ ಎಂಟು ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ. ಯಾರ ಜೀವಮಾನ ಎಂದು ಕೇಳುವ ಹಕ್ಕು ನಮಗಿದೆ.

ಎಲೆಕ್ಟ್ರಿಕ್ ಕಾರಿನವರು ಇದನ್ನೆಲ್ಲ ಓದಿ ನಗಬಹುದು. ಇಂಜಿನ್ ಆಯಿಲ್ ಇಲ್ಲ, ಪ್ಲಗ್ ಇಲ್ಲ, ಬೆಲ್ಟ್ ಇಲ್ಲ. ವೇಗ ಇಳಿಸುವಾಗ ಮೋಟಾರೇ ಕರೆಂಟು ಹುಟ್ಟಿಸುವುದರಿಂದ ಪ್ಯಾಡೂ ನಿಧಾನ ಸವೆಯುತ್ತದೆ. ತೂಕ ಹೆಚ್ಚು, ಎಳೆತ ಹೆಚ್ಚು, ಹಾಗಾಗಿ ಟೈರಿನ ಕಾಲಂ ತುಂಬುತ್ತದೆ. ಬ್ಯಾಟರಿಯ ಮೇಲೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಹಲವು ಕಂಪನಿಗಳದು. ಆ ವಾರಂಟಿ ಮುಗಿಯುವ ವರ್ಷ ಅವರಿಗೂ ಈ ಪುಸ್ತಕ ಬೇಕಾಗುತ್ತದೆ.

ನನ್ನ ಕಾರಿಗೆ ಸದ್ಯ ಎರಡು ಕೆಲಸ ಬಾಕಿಯಿವೆ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳಲ್ಲಿ ಆಯಿಲ್ ಒಸರುತ್ತಿದೆ, ಎಸಿ ಕಂಪ್ರೆಸರ್ ಸದ್ದು ಮಾಡುತ್ತಿದೆ. ಮೊದಲನೆಯದು ಸವೆತ, ಮುಂದಿನ ಸರ್ವಿಸ್‌ನಲ್ಲಿ ಎರಡೂ ಅಬ್ಸಾರ್ಬರ್‌ಗಳನ್ನು ಜತೆಯಾಗಿ ಬದಲಿಸಿ ಬುಷ್‌ಗಳನ್ನೂ ಹಾಕಿಸುತ್ತೇನೆ, ಅದಕ್ಕೆ ಚರ್ಚೆ ಬೇಡ. ಕಂಪ್ರೆಸರ್ ‘ಕೆಟ್ಟಿದ್ದು’ ಕಾಲಮ್ಮಿಗೆ ಸೇರುವಂಥದ್ದು. ಮೂರು ವರ್ಷದ ಸರಾಸರಿಗೆ ಅದನ್ನು ಸೇರಿಸಿ ನೋಡಿದೆ, ಸೆಕೆಂಡ್ ಹ್ಯಾಂಡ್ ಲೆಕ್ಕಕ್ಕಿಂತ ಇನ್ನೂ ಕೆಳಗೇ ಇದೆ. ಲಿಫ್ಟಿಗೆ ಹಾಕಿದಾಗ ಅಡಿಯಲ್ಲಿ ತುಕ್ಕು ಕಾಣದಿದ್ದರೆ ಅದನ್ನೂ ಮಾಡಿಸುವವನಿದ್ದೇನೆ.